ಗ್ರೀಸ್ ದ್ವೀಪಗಳ ನಡುವೆ ಫೆರಿ ಪ್ರಯಾಣ: ಹನ್ನೆರಡು ದಿನಕ್ಕೆ ಎಷ್ಟು ದ್ವೀಪ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಆಗಸ್ಟ್ 15ರ ರಜೆ ಸೇರಿಸಿಕೊಂಡು ಹನ್ನೆರಡು ದಿನ ಗ್ರೀಸ್‌ಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಇದೆ. ಎಲ್ಲರೂ ಸಸ್ಯಾಹಾರಿಗಳು.

ಸದ್ಯಕ್ಕೆ ಹಾಕಿರುವ ಲೆಕ್ಕ: ಅಥೆನ್ಸ್, ಮಿಕೊನೋಸ್, ಸಾಂಟೊರಿನಿ, ಕ್ರೀಟ್, ರೋಡ್ಸ್, ಕೊನೆಗೆ ಜಾಕಿಂತೋಸ್. ಎಲ್ಲಾ ಕಡೆ ಎರಡೆರಡು ದಿನ. ಮ್ಯಾಪಿನಲ್ಲಿ ಎಲ್ಲವೂ ಹತ್ತಿರ ಹತ್ತಿರವೇ ಕಾಣುತ್ತವೆ. ಕೊನೆಯ ದಿನ ಬೆಳಿಗ್ಗೆ ಹಡಗು ಹಿಡಿದು, ಅದೇ ಸಂಜೆ ಅಥೆನ್ಸ್‌ನಿಂದ ವಿಮಾನ. ಹಡಗಿನ ಟಿಕೆಟ್ ಈಗಲೇ ತೆಗೆಯಬೇಕಾ, ಅಲ್ಲಿಗೆ ಹೋಗಿ ತೆಗೆದರೂ ಆಗುತ್ತಾ? ಹೋಗಿಬಂದವರು ದಯವಿಟ್ಟು ಹೇಳಿ.

ಮ್ಯೂನಿಕ್ ಕನ್ನಡಿಗ

ಮೊದಲು ಜಾಕಿಂತೋಸ್ ಹೊಡೆದುಹಾಕಿ. ಅದು ಪಶ್ಚಿಮದ ಅಯೋನಿಯನ್ ಸಮುದ್ರದಲ್ಲಿದೆ. ನೀವು ಹೇಳಿರುವ ಉಳಿದ ದ್ವೀಪಗಳೆಲ್ಲ ಪೂರ್ವದ ಈಜಿಯನ್ ಕಡೆ. ನಡುವೆ ಇಡೀ ಗ್ರೀಸ್ ನೆಲವೇ ಅಡ್ಡ ಇದೆ. ಜಾಕಿಂತೋಸ್‌ಗೆ ಹಡಗು ಹೊರಡುವುದು ಪೆಲೊಪೊನೀಸ್‌ನ ಕಿಲ್ಲೀನಿ ಬಂದರಿನಿಂದ. ಅಥೆನ್ಸ್‌ನಿಂದ ಅಲ್ಲಿಗೆ ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕು. ಕೋರ್ಫು, ಕೆಫಲೋನಿಯಾ ಕೂಡ ಅದೇ ಗುಂಪು. ಅದಕ್ಕೆ ಬೇರೆ ಪ್ರವಾಸವೇ ಬೇಕು.

ಕಡಲದಾರಿ

ತುಂಗಾತೀರ ಅವರೇ, ನಾನು ಅಥೆನ್ಸ್‌ನಲ್ಲೇ ಇದ್ದೇನೆ, ಕೆಲಸದ ಮೇಲೆ ಈ ಹಡಗುಗಳಲ್ಲಿ ಓಡಾಡುತ್ತಲೇ ಇರುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಲ್ಲಿ ಒಂದೊಂದು ಹಡಗಿಗೂ ಒಂದು ದಾರಿ ಇದೆ. ಆ ದಾರಿಯಲ್ಲಿ ಸಿಗುವ ದ್ವೀಪಗಳಿಗೆ ಸಲೀಸಾಗಿ ಹೋಗಬಹುದು. ಪಕ್ಕದ ದಾರಿಯ ದ್ವೀಪಕ್ಕೆ ಹೋಗಬೇಕೆಂದರೆ ಎಷ್ಟೋ ಸಲ ಅಥೆನ್ಸ್‌ನ ಬಂದರಾದ ಪಿರೇಯಸ್‌ಗೆ ವಾಪಸ್ ಬಂದೇ ಹೋಗಬೇಕಾಗುತ್ತದೆ. ಎರಡು ದ್ವೀಪ ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೂ ನೇರ ಹಡಗು ವಾರಕ್ಕೆ ಎರಡೇ ಸಲ ಇರಬಹುದು. ಹಾಗಾಗಿ ಮೊದಲು ದ್ವೀಪ ಆರಿಸಿ ಆಮೇಲೆ ಹಡಗು ಹುಡುಕಬೇಡಿ. ಮೊದಲು ಹಡಗಿನ ದಾರಿ ನೋಡಿ, ಆಮೇಲೆ ಆ ದಾರಿಯಲ್ಲಿ ಎಲ್ಲಿ ಇಳಿಯಬೇಕು ಅಂತ ಯೋಚಿಸಿ.

ನಿಮ್ಮಂಥ ಕುಟುಂಬಕ್ಕೆ ಹೇಳಿಮಾಡಿಸಿದ ದಾರಿ ಎಂದರೆ ಪಿರೇಯಸ್, ಪಾರೋಸ್, ನಾಕ್ಸೋಸ್, ಸಾಂಟೊರಿನಿ. ಬ್ಲೂ ಸ್ಟಾರ್ ಕಂಪನಿಯ ದೊಡ್ಡ ಹಡಗುಗಳು ಈ ದಾರಿಯಲ್ಲಿ ಓಡುತ್ತವೆ. ಪಿರೇಯಸ್‌ನಿಂದ ಪಾರೋಸ್‌ಗೆ ನಾಲ್ಕು ಗಂಟೆಗೆ ಸ್ವಲ್ಪ ಮೇಲೆ, ನಾಕ್ಸೋಸ್‌ಗೆ ಐದರಿಂದ ಐದೂವರೆ, ಸಾಂಟೊರಿನಿಗೆ ಎಂಟು ಗಂಟೆಯ ಹತ್ತಿರ. ಪಾರೋಸ್‌ನಿಂದ ನಾಕ್ಸೋಸ್‌ಗೆ ಒಂದು ಗಂಟೆಯೂ ಬೇಡ.

ರೋಡ್ಸ್ ಇರುವುದು ಟರ್ಕಿಯ ಪಕ್ಕದಲ್ಲಿ. ಪಿರೇಯಸ್‌ನಿಂದ ಅಲ್ಲಿಗೆ ಹಡಗಿನಲ್ಲಿ ಒಂದು ಇಡೀ ರಾತ್ರಿ ಮತ್ತು ಅದಕ್ಕೂ ಜಾಸ್ತಿ. ಕ್ರೀಟ್ ಅಂತೂ ಪೂರ್ವ ಪಶ್ಚಿಮ ಸುಮಾರು 260 ಕಿ.ಮೀ. ಉದ್ದದ ನಾಡು. ಎರಡು ದಿನಕ್ಕೆ ಅಲ್ಲಿಗೆ ಹೋಗುವುದೆಂದರೆ ಕ್ರೀಟ್‌ಗೆ ಅನ್ಯಾಯ ಮಾಡಿದ ಹಾಗೆ.

ಇನ್ನೊಂದು, ಇದೇ ಎಲ್ಲಕ್ಕಿಂತ ಮುಖ್ಯ: ಹಡಗು ಇಳಿದ ದಿನವೇ ವಿಮಾನ ಹತ್ತುವ ಯೋಜನೆ ಖಂಡಿತ ಬೇಡ. ಕೊನೆಯ ರಾತ್ರಿ ಅಥೆನ್ಸ್‌ನಲ್ಲೇ ಇರಬೇಕು.

ತುಂಗಾತೀರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಕೊನೆಯ ಮಾತು ಅರ್ಥ ಆಗಲಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಡುವ ಸ್ಪೀಡ್ ಬೋಟ್ ಮಧ್ಯಾಹ್ನಕ್ಕೆಲ್ಲ ತಲುಪುತ್ತದೆ ಅಂತ ತೋರಿಸ್ತಾ ಇದೆಯಲ್ಲ?

ಹಳೇಬಂದರು

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಮಂಗಳೂರಿನವನು, ಮರ್ಚೆಂಟ್ ನೇವಿಯಲ್ಲಿದ್ದೆ. ಈಜಿಯನ್ ಸಮುದ್ರ ನೋಡಿದವನು.

ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಬೀಸುತ್ತದೆ. ನಮ್ಮ ಕಡೆ ಬಿರುಗಾಳಿ ಅಂದರೆ ಮೋಡ, ಮಳೆ, ಗುಡುಗು. ಅಲ್ಲಿ ಹಾಗಲ್ಲ. ಆಕಾಶ ಶುಭ್ರ ನೀಲಿ, ಬಿಸಿಲು ಚುರುಗುಡುತ್ತಿರುತ್ತದೆ. ಆದರೆ ಸಮುದ್ರದ ಮೇಲೆಲ್ಲ ಬಿಳಿ ನೊರೆ. ಕೆಲವು ಸಲ ದಿನಗಟ್ಟಲೆ ಬಿಡುವುದೇ ಇಲ್ಲ. ಹೋಟೆಲ್ ಕಿಟಕಿಯಿಂದ ನೋಡಿದವರಿಗೆ ಇಷ್ಟು ಚೆನ್ನಾಗಿರುವ ದಿನ ಹಡಗು ಯಾಕೆ ನಿಲ್ಲಿಸಿದರು ಅನ್ನಿಸಬಹುದು.

ನಿಲ್ಲಿಸುವ ಅಧಿಕಾರ ಹಡಗಿನ ಕಂಪನಿಯದ್ದಲ್ಲ. ಗ್ರೀಸ್‌ನ ಕೋಸ್ಟ್ ಗಾರ್ಡ್ ಕೈಕೆಳಗಿನ ಬಂದರು ಕಚೇರಿ ಹವಾಮಾನ ನೋಡಿ ನಿಷೇಧ ಹೊರಡಿಸುತ್ತದೆ. ಗಾಳಿಯ ಬಲವನ್ನು ಬ್ಯೂಫೋರ್ಟ್ ಅಳತೆಯಲ್ಲಿ ಹೇಳುತ್ತಾರೆ. 8 ಬ್ಯೂಫೋರ್ಟ್ ಅಂದರೆ ಗಂಟೆಗೆ 62 ಕಿ.ಮೀ.ಗೂ ಜೋರು ಗಾಳಿ. ಅಷ್ಟಾದರೆ ದೊಡ್ಡ ಹಡಗುಗಳೇ ಬಂದರಿನಲ್ಲಿ ಕಟ್ಟಿಕೊಂಡು ನಿಲ್ಲುತ್ತವೆ. ನೀವು ಹೇಳುವ ಸ್ಪೀಡ್ ಬೋಟುಗಳು, ಅಂದರೆ ಕೆಟಮರಾನ್‌ಗಳು, ಅದಕ್ಕಿಂತ ಕಡಿಮೆ ಗಾಳಿಗೇ ನಿಲ್ಲುತ್ತವೆ. ಹಾಗಾಗಿ ಗಾಳಿಯ ದಿನ ಮೊದಲು ರದ್ದಾಗುವುದು ನೀವು ನೆಚ್ಚಿಕೊಂಡಿರುವ ಬೋಟ್.

ಇನ್ನೊಂದು ಮಾತು. 2000ನೇ ಇಸವಿ ಸೆಪ್ಟೆಂಬರ್ 26ರ ರಾತ್ರಿ ಎಕ್ಸ್‌ಪ್ರೆಸ್ ಸಮೀನಾ ಅನ್ನುವ ಫೆರಿ ಪಾರೋಸ್ ಬಂದರಿನ ಹೊರಗೆ ಪೋರ್ಟೆಸ್ ಬಂಡೆಗಳಿಗೆ ಬಡಿದು ಮುಳುಗಿತು. 80ಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿ ಗಾಳಿ ಜೋರಿತ್ತು. ಅಂಥದ್ದರಲ್ಲೂ ಪಾರೋಸ್‌ನ ಮೀನುಗಾರರು ಸಣ್ಣ ಸಣ್ಣ ದೋಣಿ ತೆಗೆದುಕೊಂಡು ಹೋಗಿ ನೀರಿನಲ್ಲಿದ್ದವರನ್ನು ಎತ್ತಿಕೊಂಡು ಬಂದರು. ಆ ದುರಂತದ ಮೇಲೆ ನಿಯಮಗಳು ಬಿಗಿಯಾದವು. ಹಡಗು ನಿಲ್ಲಿಸಿದಾಗ ಕೌಂಟರಿನಲ್ಲಿರುವವರ ಮೇಲೆ ಕೂಗಾಡುವ ಪ್ರವಾಸಿಗರನ್ನು ಕಂಡರೆ ನನಗೆ ಬಹಳ ಬೇಸರ ಆಗುತ್ತದೆ. ಅವರು ನಮ್ಮ ಜೀವ ಕಾಯುತ್ತಿದ್ದಾರೆ.

ಅವರೆಬೇಳೆ

ಸ್ಪೀಡ್ ಬೋಟನ್ನು ಇಷ್ಟೊಂದು ಬೈಯಬೇಕಿಲ್ಲ ಅನ್ನಿಸುತ್ತದೆ. ನಾವು ಜೂನ್ ಮೊದಲ ವಾರ ಹೋಗಿದ್ದೆವು. ಸಮುದ್ರ ಶಾಂತವಾಗಿತ್ತು, ಒಂದು ಸಲವೂ ತೊಂದರೆ ಆಗಲಿಲ್ಲ. ಸಾಂಟೊರಿನಿಗೆ ಎಂಟು ಗಂಟೆ ಬದಲು ಐದು ಗಂಟೆ ಅಂದರೆ ಅರ್ಧ ದಿನ ಉಳಿಯಿತು. ಚಿಕ್ಕ ಮಗು ಇದ್ದಾಗ ಎಂಟು ಗಂಟೆ ಹಡಗಿನಲ್ಲಿ ಕೂರಿಸುವುದು ಕಷ್ಟ ಅಲ್ವಾ?

ಕಡಲದಾರಿ

ಜೂನ್‌ನಲ್ಲಿ ಸರಿ ಮೇಡಂ, ಒಪ್ಪುತ್ತೇನೆ. ಆದರೆ ಮಗುವಿನ ವಿಷಯ ನನಗೆ ಉಲ್ಟಾ ಕಾಣುತ್ತದೆ. ಕೆಟಮರಾನ್‌ಗಳಲ್ಲಿ ಹೆಚ್ಚಿನವು ಪೂರ್ತಿ ಮುಚ್ಚಿರುತ್ತವೆ. ವಿಮಾನದ ಹಾಗೆ ಸೀಟಿನಲ್ಲೇ ಕೂತಿರಬೇಕು, ಹೊರಗೆ ಬಂದು ಗಾಳಿ ಕುಡಿಯಲು ಜಾಗವಿಲ್ಲ. ಅಲೆ ಎದ್ದರೆ ಸುತ್ತಮುತ್ತ ಎಲ್ಲರೂ ಕವರ್ ಹಿಡಿದು ಕೂತಿರುತ್ತಾರೆ. ದೊಡ್ಡ ಹಡಗಿನಲ್ಲಿ ಮಗು ಓಡಾಡಬಹುದು, ಡೆಕ್ ಮೇಲೆ ನಿಂತು ಬಂದರು ನೋಡಬಹುದು. ಪ್ರತಿ ದ್ವೀಪದಲ್ಲೂ ಹಿಂದಿನ ದೊಡ್ಡ ಬಾಗಿಲು ಕೆಳಗಿಳಿಯುವುದು, ಲಾರಿ, ಕಾರು, ಬೈಕು, ಜನ ಎಲ್ಲ ಒಟ್ಟಿಗೆ ಹೊರಬರುವುದು, ಐದು ಹತ್ತು ನಿಮಿಷದಲ್ಲಿ ಮತ್ತೆ ಬಾಗಿಲೆತ್ತಿ ಹೊರಡುವುದು. ಮಕ್ಕಳಿಗೆ ಇದೆಲ್ಲ ಬಹಳ ಇಷ್ಟವಾಗುತ್ತದೆ.

ನಾಕ್ಸೋಸ್ ಹತ್ತಿರ ಬಂದಾಗ ಬಂದರಿನ ಪಕ್ಕದಲ್ಲೇ ಪೋರ್ಟಾರಾ ಕಾಣುತ್ತದೆ. ಕ್ರಿ.ಪೂ. 6ನೇ ಶತಮಾನದಲ್ಲಿ ಅಪೋಲೋ ದೇವರಿಗೆ ಕಟ್ಟಲು ಶುರುಮಾಡಿ ಪೂರ್ತಿಯಾಗದೆ ಉಳಿದ ದೇವಸ್ಥಾನದ ಅಮೃತಶಿಲೆಯ ಬಾಗಿಲು. ಸಾಂಟೊರಿನಿಗೆ ಉತ್ತರದಿಂದ ಬರುವಾಗ ಹಡಗು ನೇರ ಕಾಲ್ಡೆರಾ ಒಳಗೇ ನುಗ್ಗುತ್ತದೆ. ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ಕುಸಿದ ಗುಂಡಿ ಅದು, ಈಗ ಸಮುದ್ರ ತುಂಬಿಕೊಂಡಿದೆ. ಡೆಕ್‌ನ ಎಡಗಡೆ ನಿಲ್ಲಿ. ಮೊದಲು ಓಯಾ ಊರು, ಆಮೇಲೆ ಫಿರಾ ಊರು, ಬಂಡೆಯ ತುದಿಯಲ್ಲಿ ಬಿಳಿ ಮನೆಗಳ ಸಾಲು. ನನ್ನ ಮಟ್ಟಿಗೆ ಸಾಂಟೊರಿನಿಯಲ್ಲಿ ನೋಡಲೇಬೇಕಾದ ನೋಟ ಇದೇ. ಕಿಟಕಿಗೆ ಉಪ್ಪು ಮೆತ್ತಿದ ಕೆಟಮರಾನ್ ಒಳಗೆ ಕೂತವರಿಗೆ ಇದು ಸಿಗುವುದಿಲ್ಲ.

ದುಡ್ಡಿನ ವ್ಯತ್ಯಾಸವೂ ಇದೆ. ವೇಗದ ಬೋಟಿಗೆ ನಿಧಾನದ ಹಡಗಿನ ಹತ್ತಿರ ಹತ್ತಿರ ಎರಡರಷ್ಟು ಆಗುತ್ತದೆ. ಐದು ಜನಕ್ಕೆ ಲೆಕ್ಕ ಹಾಕಿ ನೋಡಿ.

ಅವರೆಬೇಳೆ

ಓಯಾ ನೋಟದ ವಿಷಯಕ್ಕೆ ಒಪ್ಪಿದೆ. ಆದರೆ ರಜೆ ಕಡಿಮೆ ಇರುವವರು ಜೂನ್‌ನಲ್ಲಿ ವೇಗದ ಬೋಟು ಹಿಡಿಯಲಿ ಅನ್ನುವುದೇ ನನ್ನ ಮಾತು ಈಗಲೂ.

ನೆಲಸಂಪಿಗೆ

ಆಗಸ್ಟ್ 15 ಅಂದಿದ್ದು ನೋಡಿ ಬರೆಯುತ್ತಿದ್ದೇನೆ. ಅದು ನಮಗೆ ಸ್ವಾತಂತ್ರ್ಯ ದಿನ. ಗ್ರೀಸ್‌ನಲ್ಲಿ ಅವತ್ತು ಮೇರಿ ಮಾತೆಯ ಹಬ್ಬ. ಬೇಸಿಗೆಯಲ್ಲಿ ಅವರಿಗೆ ಇದಕ್ಕಿಂತ ದೊಡ್ಡ ಹಬ್ಬ ಇಲ್ಲ. ಅಥೆನ್ಸ್‌ನ ಅರ್ಧ ಜನ ಊರಿಗೆ ಹೊರಟಿರುತ್ತಾರೆ, ಹಡಗುಗಳೆಲ್ಲ ಭರ್ತಿ. ಟೀನೋಸ್ ದ್ವೀಪದ ಎವಾಂಗೆಲಿಸ್ಟ್ರಿಯಾ ಚರ್ಚಿಗೆ ಅವತ್ತು ಜನಸಾಗರ. ಬಂದರಿನಿಂದ ಚರ್ಚಿನವರೆಗೆ ಏರು ರಸ್ತೆ, ಅದರ ಒಂದು ಪಕ್ಕ ಉದ್ದಕ್ಕೂ ಜಮಖಾನೆ ಹಾಸಿರುತ್ತಾರೆ. ಹರಕೆ ಹೊತ್ತವರು ಮಂಡಿಯ ಮೇಲೆ ತೆವಳಿಕೊಂಡು ಹೋಗುತ್ತಾರೆ. ನಮ್ಮ ಉರುಳು ಸೇವೆ ನೋಡಿ ಬೆಳೆದವಳಿಗೆ ಅದು ಸ್ವಲ್ಪವೂ ಪರಕೀಯ ಅನ್ನಿಸಲಿಲ್ಲ, ಕಣ್ಣು ತುಂಬಿ ಬಂತು. 1940ರ ಇದೇ ಹಬ್ಬದ ದಿನ ಇಟಲಿಯ ಜಲಾಂತರ್ಗಾಮಿ ಟೀನೋಸ್ ಬಂದರಿನಲ್ಲಿ ನಿಂತಿದ್ದ ‘ಎಲ್ಲಿ’ ಎಂಬ ಹೆಸರಿನ ಗ್ರೀಕ್ ಯುದ್ಧನೌಕೆಯನ್ನು ಮುಳುಗಿಸಿತ್ತು. ಆ ನೆನಪನ್ನೂ ಅವತ್ತೇ ಆಚರಿಸುತ್ತಾರೆ.

ಭಕ್ತಿಯಿಂದ ಅದನ್ನು ನೋಡಲೆಂದೇ ಹೋಗುವುದಾದರೆ ಬೇಗ ಟಿಕೆಟ್, ರೂಮು ಮಾಡಿಸಿ ಹೋಗಿ. ಸುಮ್ನೆ ದ್ವೀಪ ಸುತ್ತುವುದಕ್ಕಾದರೆ ಆ ವಾರ ಬೇಡ.

ತುಂಗಾತೀರ

ಅಯ್ಯೋ, ಈ ಹಬ್ಬದ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಮಗಳ ದಸರಾ ರಜೆಗೆ ಹೋಗಬಹುದಾ? ಅಕ್ಟೋಬರ್ ಮೊದಲ ಭಾಗದಲ್ಲಿ ಬರುತ್ತದೆ.

ಕಡಲದಾರಿ

ದಸರಾ ರಜೆ ತುಂಬಾ ಒಳ್ಳೆಯ ಯೋಚನೆ. ಮೆಲ್ಟೆಮಿ ಮುಗಿದಿರುತ್ತದೆ, ಬಿಸಿಲು ಹದವಾಗಿರುತ್ತದೆ, ಬೇಸಿಗೆಯಲ್ಲಿ ಕಾದ ಸಮುದ್ರ ಇನ್ನೂ ತಣ್ಣಗಾಗಿರುವುದಿಲ್ಲ. ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಆದರೆ ಹಡಗುಗಳ ಸಂಖ್ಯೆ ಕಡಿಮೆ. ವೇಗದ ಬೋಟುಗಳು ಒಂದೊಂದಾಗಿ ನಿಲ್ಲುತ್ತಾ ಬರುತ್ತವೆ, ಚಳಿಗಾಲದಲ್ಲಿ ಬಹುಪಾಲು ಇರುವುದೇ ಇಲ್ಲ. ಪಾರೋಸ್, ನಾಕ್ಸೋಸ್, ಸಾಂಟೊರಿನಿ ದಾರಿಯ ದೊಡ್ಡ ಹಡಗು ವರ್ಷವಿಡೀ ಓಡುತ್ತದೆ. ಶರತ್ಕಾಲದಲ್ಲೂ ಆಗೊಮ್ಮೆ ಈಗೊಮ್ಮೆ ದಕ್ಷಿಣದ ಗಾಳಿ ಎದ್ದು ಹಡಗು ನಿಲ್ಲುವುದುಂಟು. ಅದಕ್ಕೇ ಕೊನೆಯ ರಾತ್ರಿ ಅಥೆನ್ಸ್‌ನಲ್ಲಿ ಅನ್ನುವ ಮಾತು ಅಕ್ಟೋಬರ್‌ಗೂ ಸೇರಿಯೇ.

ಟಿಕೆಟ್ ಬಗ್ಗೆ: ಆ ಸಮಯದಲ್ಲಿ ಸಾದಾ ಡೆಕ್ ಟಿಕೆಟ್ ಹಿಂದಿನ ದಿನವೂ ಸಿಗುತ್ತದೆ. ಅಪ್ಪ ಅಮ್ಮನಿಗೆ ಮಾತ್ರ ನಂಬರ್ ಇರುವ ಸೀಟು ಮಾಡಿಸಿ, ಸ್ವಲ್ಪವೇ ಜಾಸ್ತಿ ಆಗುತ್ತದೆ. ಡೆಕ್ ಟಿಕೆಟ್‌ನವರು ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಕೂರಬೇಕು. ಫೆರಿಹಾಪರ್‌ನಂಥ ತಾಣಗಳಲ್ಲಿ ಎಲ್ಲಾ ಕಂಪನಿಗಳ ಸಮಯ ಒಂದೇ ಕಡೆ ನೋಡಬಹುದು. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ.

ಹಳೇಬಂದರು

ಹಿರಿಯರಿಗೆ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಸೀಟು ನೋಡಿ. ಅಲ್ಲಿ ತೂಗಾಟ ಕಡಿಮೆ. ವಾಂತಿ ಬರುವುದೆಂಬ ಭಯ ಇದ್ದರೆ ಮಾತ್ರೆ ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ಪ್ರಯೋಜನ ಇಲ್ಲ. ಅಪ್ಪನಿಗೆ ಬಿಪಿ, ಶುಗರ್ ಮಾತ್ರೆ ನಡೆಯುತ್ತಿದ್ದರೆ ನಿಮ್ಮ ಡಾಕ್ಟರನ್ನು ಇಲ್ಲೇ ಕೇಳಿಕೊಂಡು ಹೊರಡಿ.

ತುಂಗಾತೀರ

ಮಂಡಿನೋವಿನವರು ಹಡಗು ಹತ್ತುವುದು ಹೇಗೆ? ಮೆಟ್ಟಿಲು ಜಾಸ್ತಿ ಇರುತ್ತಾ?

ಕಡಲದಾರಿ

ಹತ್ತುವುದು ಹಿಂದಿನ ಇಳಿಜಾರಿನಿಂದ. ಕಾರು, ಲಾರಿ ಒಳಗೆ ಹೋಗುವ ಗ್ಯಾರೇಜಿನ ಮೂಲಕವೇ ಜನರೂ ಹೋಗುತ್ತಾರೆ. ಒಳಗೆ ರ‍್ಯಾಕ್‌ಗಳ ಮೇಲೆ ದ್ವೀಪಗಳ ಹೆಸರು ಬರೆದಿರುತ್ತದೆ. ನಿಮ್ಮ ದ್ವೀಪದ ಹೆಸರಿರುವ ಕಡೆ ದೊಡ್ಡ ಸೂಟ್‌ಕೇಸ್ ಇಟ್ಟು, ಪಾಸ್‌ಪೋರ್ಟ್, ದುಡ್ಡು, ಔಷಧಿ ಕೈಚೀಲದಲ್ಲಿ ಇಟ್ಟುಕೊಂಡು ಮೇಲೆ ಹೋಗಿ. ದೊಡ್ಡ ಹಡಗುಗಳಲ್ಲಿ ಎಸ್ಕಲೇಟರ್ ಇದೆ, ಲಿಫ್ಟೂ ಇದೆ. ಲಿಫ್ಟ್ ಬೇಕು ಅಂತ ಬಾಗಿಲಲ್ಲೇ ಸಿಬ್ಬಂದಿಗೆ ಹೇಳಿ, ಕರೆದುಕೊಂಡು ಹೋಗುತ್ತಾರೆ.

ಕಷ್ಟ ಇರುವುದು ಇಳಿಯುವಾಗ. ಘೋಷಣೆ ಆದ ಕೂಡಲೇ ಎಲ್ಲರೂ ಗ್ಯಾರೇಜಿಗೆ ಇಳಿದು ಗುಂಪಾಗಿ ನಿಲ್ಲುತ್ತಾರೆ. ಹಡಗು ನಿಲ್ಲುವುದೇ ಕೆಲವು ನಿಮಿಷ. ತಲುಪಲು ಕಾಲು ಗಂಟೆ ಇರುವಾಗಲೇ ಅಪ್ಪನನ್ನು ಕರೆದುಕೊಂಡು ಇಳಿದಿರಿ. ಇಳಿಜಾರು ಒದ್ದೆಯಾಗಿರುತ್ತದೆ, ಹಿಂದಿನಿಂದ ಬೈಕುಗಳು ಬರುತ್ತವೆ. ಅವರ ಕೈ ಹಿಡಿದುಕೊಂಡೇ ನಡೆಯಿರಿ.

ಪಿರೇಯಸ್ ಬಂದರು ಬಹಳ ದೊಡ್ಡದು, ಗೇಟುಗಳಿಗೆ ಇ1, ಇ2 ಅಂತ ನಂಬರ್ ಇವೆ. ಪಾರೋಸ್, ನಾಕ್ಸೋಸ್ ಕಡೆಯ ಹಡಗುಗಳು ಸಾಮಾನ್ಯವಾಗಿ ಮೆಟ್ರೋ ಸ್ಟೇಷನ್ ಎದುರಿಗೇ, ಇ6, ಇ7ರ ಹತ್ತಿರ ನಿಲ್ಲುತ್ತವೆ. ರೋಡ್ಸ್, ಕ್ರೀಟ್ ಕಡೆಯವು ಇ1, ಇ2 ಕಡೆ, ಅದು ದೂರ. ಬಂದರಿನ ಒಳಗೆ ಉಚಿತ ಬಸ್ ಇದೆ. 2022ರ ಅಕ್ಟೋಬರ್‌ನಿಂದ ಮೆಟ್ರೋ ನೀಲಿ ಮಾರ್ಗ ವಿಮಾನ ನಿಲ್ದಾಣದಿಂದ ನೇರ ಪಿರೇಯಸ್‌ಗೆ ಬರುತ್ತದೆ, ಸುಮಾರು ಒಂದು ಗಂಟೆ. ಆದರೂ ಗೇಟ್ ನಂಬರ್ ಟಿಕೆಟ್ ಕಂಪನಿಯವರು ಕಳಿಸುವ ಮೆಸೇಜಿನಲ್ಲಿ ನೋಡಿಕೊಳ್ಳಿ, ಬದಲಾಗುತ್ತಿರುತ್ತದೆ.

ದ್ವೀಪದ ಬಂದರುಗಳ ವಿಷಯದಲ್ಲೂ ನಾಕ್ಸೋಸ್, ಪಾರೋಸ್ ಅಪ್ಪ ಅಮ್ಮನಿಗೆ ವಾಸಿ. ಹಡಗು ಊರಿನ ಮುಂದೆಯೇ ನಿಲ್ಲುತ್ತದೆ, ಹೋಟೆಲ್‌ಗೆ ನಡೆದೇ ಹೋಗಬಹುದು. ಸಾಂಟೊರಿನಿಯ ಅಥಿನಿಯೋಸ್ ಬಂದರು ಕಡಿದಾದ ಬಂಡೆಯ ಬುಡದಲ್ಲಿದೆ. ಮೇಲಕ್ಕೆ ಹೇರ್‌ಪಿನ್ ತಿರುವುಗಳ ರಸ್ತೆ. ಫಿರಾಕ್ಕೆ ಬಸ್ ಇರುತ್ತದೆ, ಆದರೆ ನೂಕುನುಗ್ಗಲು. ಹೋಟೆಲ್‌ನವರಿಗೆ ಮೊದಲೇ ಹೇಳಿ ಗಾಡಿ ತರಿಸಿಕೊಳ್ಳಿ.

ಮ್ಯೂನಿಕ್ ಕನ್ನಡಿಗ

ಮಿಕೊನೋಸ್‌ಗೆ ಹೋಗುವವರಿಗೆ ಒಂದು ಎಚ್ಚರಿಕೆ. ದೊಡ್ಡ ಫೆರಿಗಳು ನಿಲ್ಲುವುದು ಟೂರ್ಲೋಸ್‌ನ ಹೊಸ ಬಂದರಿನಲ್ಲಿ. ಡೆಲೋಸ್ ದ್ವೀಪಕ್ಕೆ ದೋಣಿ ಹೊರಡುವುದು ಊರೊಳಗಿನ ಹಳೆ ಬಂದರಿನಿಂದ. ನಡುವೆ ನೀರಿನ ಮೇಲೆ ಓಡಾಡುವ ಸಣ್ಣ ಬೋಟ್ ಸೇವೆ ಇದೆ.

ಡೆಲೋಸ್ ಬಿಡಬೇಡಿ. ಅಪೋಲೋ ಹುಟ್ಟಿದ ಜಾಗ ಅಂತ ನಂಬಿಕೆ. ಕ್ರಿ.ಪೂ. 426ರಲ್ಲಿ ಅಥೆನ್ಸ್‌ನವರು ಆ ದ್ವೀಪವನ್ನು ಶುದ್ಧ ಮಾಡಿ, ಇನ್ನು ಮೇಲೆ ಇಲ್ಲಿ ಯಾರೂ ಹುಟ್ಟಬಾರದು, ಸಾಯಬಾರದು ಅಂತ ಕಟ್ಟಳೆ ಮಾಡಿದರು. ಈಗಲೂ ಅಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ದೋಣಿ ಅರ್ಧ ಗಂಟೆ ಅಷ್ಟೇ, ಆದರೆ ಸಣ್ಣದಾದ್ದರಿಂದ ಗಾಳಿಗೆ ಬೇಗ ನಿಲ್ಲುತ್ತದೆ. ನೆರಳೇ ಇಲ್ಲ, ಕಲ್ಲುಹಾದಿ. ನಿಮ್ಮ ತಂದೆಯವರಿಗೆ ಕಷ್ಟ ಆಗಬಹುದು.

ಅವರೆಬೇಳೆ

ಊಟದ ಬಗ್ಗೆ ಯಾರೂ ಹೇಳಿಲ್ಲ. ಹಡಗಿನ ಕ್ಯಾಂಟೀನಿನಲ್ಲಿ ಚೀಸ್ ತುಂಬಿದ ತಿರೋಪಿಟಾ, ಪಾಲಕ್ ತುಂಬಿದ ಸ್ಪನಕೋಪಿಟಾ ಸಿಗುತ್ತವೆ. ಎರಡರಲ್ಲೂ ಮೊಟ್ಟೆ ಇರಬಹುದು, ಕೇಳಿ. ದ್ವೀಪಗಳ ಹೋಟೆಲ್‌ಗಳಲ್ಲಿ ನಿಸ್ಟಿಸಿಮೊ ಇದೆಯಾ ಅಂತ ಕೇಳಿ. ಅವರ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರಿಗೆ ಉಪವಾಸಕ್ಕೆ ನಡೆಯುತ್ತದೆ, ಹಾಗಾಗಿ ಸಮುದ್ರದ್ದೂ ಬೇಡ ಅಂತ ಬಿಡಿಸಿ ಹೇಳಬೇಕು. ಸಾಂಟೊರಿನಿಯ ಫಾವಾ ತಪ್ಪದೆ ತಿನ್ನಿ. ಹಳದಿ ಬೇಳೆ ಬೇಯಿಸಿ ನುಣ್ಣಗೆ ಅರೆದು, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿಕೊಡುತ್ತಾರೆ. ನಮ್ಮತ್ತೆ ಎರಡು ಸಲ ಹಾಕಿಸಿಕೊಂಡರು. ಚಪಾತಿ, ಚಟ್ನಿಪುಡಿ ಹಡಗಿನಲ್ಲಿ ಬಿಚ್ಚಿ ತಿಂದರೂ ಯಾರೂ ಏನೂ ಅನ್ನಲ್ಲ.

ಗಿಳಿವಿಂಡು

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾವು ಕೋಸ್ ದ್ವೀಪಕ್ಕೆ ಹೋಗುತ್ತಿದ್ದೇವೆ. ಅಲ್ಲಿಂದ ಟರ್ಕಿಯ ಬೋದ್ರುಮ್‌ಗೆ ಒಂದು ಗಂಟೆಯೊಳಗೆ ಫೆರಿ ಇದೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದಾ?

ಮ್ಯೂನಿಕ್ ಕನ್ನಡಿಗ

ಗ್ರೀಸ್‌ಗೆ ಹೋಗಲು ಪಡೆದಿರುವ ನಿಮ್ಮ ಷೆಂಗೆನ್ ವೀಸಾ ಸಿಂಗಲ್ ಎಂಟ್ರಿನಾ, ಮಲ್ಟಿಪಲ್ಲಾ ಅಂತ ಮೊದಲು ನೋಡಿ. ಸಿಂಗಲ್ ಎಂಟ್ರಿ ಇದ್ದು ಬೋದ್ರುಮ್‌ಗೆ ಹೋದರೆ, ಕೋಸ್ ಬಂದರಿನಲ್ಲಿ ಹೊರಹೋಗಿದ್ದು ದಾಖಲಾದ ಕ್ಷಣವೇ ವೀಸಾ ಮುಗಿಯಿತು. ಸಂಜೆ ವಾಪಸ್ ಬಿಡುವುದಿಲ್ಲ. ಹೋಟೆಲ್, ಸಾಮಾನು ಎಲ್ಲಾ ಈ ಕಡೆ, ನೀವು ಆ ಕಡೆ. ರೋಡ್ಸ್‌ನಿಂದ ಮಾರ್ಮರಿಸ್, ಸಾಮೋಸ್‌ನಿಂದ ಕುಶಾದಸಿ, ಎಲ್ಲಾ ಫೆರಿಗೂ ಇದೇ ನಿಯಮ. ಟರ್ಕಿ ವೀಸಾ ಬೇರೆ ಬೇಕು. ಬಂದರಿನಲ್ಲಿ ಟಿಕೆಟ್ ಮಾರುವವರು ಇದನ್ನೆಲ್ಲ ಕೇಳುವುದಿಲ್ಲ, ಜವಾಬ್ದಾರಿ ನಿಮ್ಮದೇ.

ಗಿಳಿವಿಂಡು

ಸಿಂಗಲ್ ಎಂಟ್ರಿನೇ ಇದೆ. ಬೋದ್ರುಮ್ ಬಿಟ್ಟೆವು. ಬಹಳ ಉಪಕಾರ ಆಯಿತು.

ನೆಲಸಂಪಿಗೆ

ಹಡಗು ರದ್ದಾದರೆ ದುಡ್ಡು?

ಕಡಲದಾರಿ

ಯೂರೋಪಿನ 1177/2010 ನಿಯಮ ಇದಕ್ಕೆಂದೇ ಇದೆ. ಹಡಗು ರದ್ದಾದರೆ ಅಥವಾ ಹೊರಡುವುದು 90 ನಿಮಿಷಕ್ಕಿಂತ ತಡ ಆಗುತ್ತದೆಂದರೆ, ದುಡ್ಡು ವಾಪಸ್ ಪಡೆಯುವುದಾ, ಬೇರೆ ಹಡಗಿನಲ್ಲಿ ಹೋಗುವುದಾ ಅಂತ ಆರಿಸುವ ಹಕ್ಕು ನಿಮ್ಮದು. ಗಾಳಿಯಿಂದ ನಿಂತರೂ ಈ ಹಕ್ಕು ಇದ್ದೇ ಇದೆ. ಆದರೆ ಹವಾಮಾನ ಕಾರಣವಾದರೆ ರಾತ್ರಿ ಉಳಿಯುವ ಖರ್ಚು, ಪರಿಹಾರ ಎರಡನ್ನೂ ಕಂಪನಿ ಕೊಡಬೇಕಿಲ್ಲ. ಟಿಕೆಟ್ ತೆಗೆಯುವಾಗ ನಿಮ್ಮ ಮೊಬೈಲ್ ನಂಬರ್ ದೇಶದ ಕೋಡ್ ಸಮೇತ ಸರಿಯಾಗಿ ಹಾಕಿ, ರದ್ದಾದ ಸುದ್ದಿ ಬರುವುದು ಅದಕ್ಕೇ. ಮುಷ್ಕರಗಳೂ ಆಗುತ್ತವೆ. ಮೇ 1ಕ್ಕೆ ನಾವಿಕರು ಸಾಮಾನ್ಯವಾಗಿ ಕೆಲಸ ನಿಲ್ಲಿಸುತ್ತಾರೆ, ಅವತ್ತು ಹಡಗಿನ ಯೋಜನೆ ಇಟ್ಟುಕೊಳ್ಳಬೇಡಿ.

ಹಡಗು ಎಲ್ಲಿದೆ ಅಂತ ಮೊಬೈಲಿನಲ್ಲೇ ಮೆರೈನ್‌ಟ್ರಾಫಿಕ್‌ನಲ್ಲಿ ನೋಡಬಹುದು. ಇವತ್ತು ಜಗತ್ತೆಲ್ಲ ಬಳಸುವ ಅದು ಶುರುವಾಗಿದ್ದು ಗ್ರೀಸ್‌ನದೇ ಸೀರೋಸ್ ದ್ವೀಪದಲ್ಲಿ, ಈಜಿಯನ್ ವಿಶ್ವವಿದ್ಯಾಲಯದ ಕೆಲಸವಾಗಿ.

ಹಳೇಬಂದರು

ಸಮಯ ಇರುವವರಿಗೆ ಒಂದು ಮಾತು. ನಾಕ್ಸೋಸ್‌ನಿಂದ ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್ ಅನ್ನುವ ಪುಟ್ಟ ಹಡಗು ಇರಾಕ್ಲಿಯಾ, ಸ್ಖಿನೂಸಾ, ಕುಫೊನಿಸಿಯಾ, ಡೊನೂಸಾ ಮುಟ್ಟಿ ಅಮೊರ್ಗೋಸ್‌ಗೆ ಹೋಗುತ್ತದೆ. ಕೆಲವು ನೂರು ಜನ ಇರುವ ದ್ವೀಪಗಳು ಇವು. ತರಕಾರಿ, ಔಷಧಿ, ಸಿಮೆಂಟ್ ಮೂಟೆ, ಆಸ್ಪತ್ರೆಗೆ ಹೊರಟ ಅಜ್ಜಿ, ಎಲ್ಲ ಅದೇ ಹಡಗಿನಲ್ಲಿ. ಇಂಥ ದಾರಿಗಳಲ್ಲಿ ಲಾಭ ಇಲ್ಲ. ಹಾಗಾಗಿ ಸರ್ಕಾರ ದುಡ್ಡು ಕೊಟ್ಟು ಚಳಿಗಾಲದಲ್ಲೂ ಹಡಗು ಓಡಿಸುತ್ತದೆ. ಅದಿಲ್ಲದಿದ್ದರೆ ಆ ಊರುಗಳಲ್ಲಿ ಶಾಲೆ ಉಳಿಯುವುದಿಲ್ಲ, ಜನ ಉಳಿಯುವುದಿಲ್ಲ. ಪ್ರವಾಸಿಗರು ಬೇಸಿಗೆಯಲ್ಲಿ ಹತ್ತುವಾಗ ಊರಿನವರಿಗೆ ಮೊದಲು ದಾರಿ ಬಿಟ್ಟುಕೊಡಿ.

ತುಂಗಾತೀರ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೊಸ ಯೋಜನೆ ಹೀಗಿದೆ: ದಸರಾ ರಜೆ. ಮೊದಲು ಅಥೆನ್ಸ್, ಆಮೇಲೆ ಹಡಗಿನಲ್ಲಿ ಸಾಂಟೊರಿನಿ, ಅಲ್ಲಿಂದ ನಾಕ್ಸೋಸ್‌ಗೆ ಬಂದು ಅಲ್ಲೇ ಜಾಸ್ತಿ ದಿನ, ಕೊನೆಯ ರಾತ್ರಿ ಅಥೆನ್ಸ್. ಮಿಕೊನೋಸ್, ಕ್ರೀಟ್, ರೋಡ್ಸ್ ಎಲ್ಲಾ ಬಿಟ್ಟೆವು. ಒಂದೇ ಪ್ರಶ್ನೆ ಉಳಿದಿದೆ. ನಾಕ್ಸೋಸ್‌ನಿಂದ ವಾಪಸ್ ಬರಲು ಬೆಳಗಿನ ಹೊತ್ತಿನದ್ದೂ ಸಂಜೆಯದ್ದೂ ಹಡಗು ತೋರಿಸುತ್ತಿದೆ. ಯಾವುದು ತೆಗೆಯಲಿ?

ಕಡಲದಾರಿ

ಬೆಳಗಿನದ್ದು. ಅದು ರದ್ದಾದರೆ ಸಂಜೆಯದ್ದಕ್ಕೆ ಬದಲಾಯಿಸಿಕೊಂಡು ರಾತ್ರಿಯಾದರೂ ಅಥೆನ್ಸ್ ಸೇರಬಹುದು. ಸಂಜೆಯದ್ದನ್ನೇ ತೆಗೆದು ಅದು ನಿಂತರೆ ಮರುದಿನವೇ ಗತಿ. ಅಕ್ಟೋಬರ್ ವೇಳಾಪಟ್ಟಿ ಇನ್ನೂ ಬದಲಾಗಬಹುದು, ಟಿಕೆಟ್ ತೆಗೆದ ಮೇಲೂ ಹೊರಡುವ ವಾರ ಒಂದು ಸಲ ಸಮಯ ನೋಡಿಕೊಳ್ಳಿ. ಸಾಂಟೊರಿನಿಯಿಂದ ನಾಕ್ಸೋಸ್‌ಗೆ ದೊಡ್ಡ ಹಡಗಿನಲ್ಲಿ ಸುಮಾರು ಎರಡು ಗಂಟೆ. ಆ ಸಲ ಡೆಕ್‌ನ ಬಲಗಡೆ ನಿಲ್ಲಿ, ಓಯಾ ಮತ್ತೊಮ್ಮೆ ಸಿಗುತ್ತದೆ.